ಜಾಲತಾಣ ಮರಾಠಿಯಲ್ಲಿ ತೆರೆಯುವುದಕ್ಕೆ ಲೊಕೇಶನ್ ಕಾರಣವಲ್ಲ

‘ಮುಂಬಯಿಯಲ್ಲಿ ಕೂತು ಸಂಘದ ಜಾಲತಾಣ ತೆರೆದರೆ ಕನ್ನಡ ನಿಲ್ಲುವುದಿಲ್ಲ, ಜಾಗ ನೋಡಿ ಮರಾಠಿಗೆ ಹೋಗುತ್ತದೆ, ಲೊಕೇಶನ್ ಆಫ್ ಮಾಡಿ’ ಎಂಬ ಸಂದೇಶ ಡೊಂಬಿವಲಿಯಿಂದ ಮೀರಾ ರೋಡ್‌ವರೆಗೆ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ತಾಣ ನೋಡಿಕೊಳ್ಳುವವರ ಪರವಾಗಿ ಹೇಳುತ್ತಿದ್ದೇವೆ: ಇದು ನಿಜವಲ್ಲ.

ತಾಣ ಲೊಕೇಶನ್ ಕೇಳುವುದೇ ಇಲ್ಲ. ಪುಟ ಬೇಕೆಂದು ಕೇಳುವಾಗ ಬ್ರೌಸರ್ ತನ್ನ ಭಾಷೆಗಳ ಪಟ್ಟಿಯನ್ನೂ ಜೊತೆಗೆ ಕಳಿಸುತ್ತದೆ. ಹೊಸಬರಿಗೆ ಅದರಲ್ಲಿ ಮೊದಲಿರುವ ಭಾಷೆಯ ಪುಟ. ಫೋನ್ ಮರಾಠಿಯಲ್ಲಿದ್ದರೆ ಧಾರವಾಡದಲ್ಲಿ ತೆರೆದರೂ ಸಾಮಾನ್ಯವಾಗಿ ಮರಾಠಿಯೇ ಬಂದೀತು. ಮೇಲಿನ ‘ಕನ್ನಡ’ ಗುಂಡಿ ಒತ್ತಿದಿರೋ, ಪಟ್ಟಿ ಬದಿಗೆ ಸರಿದು ನಿಮ್ಮ ಮಾತೇ ನಡೆಯುತ್ತದೆ.

ಆಮೇಲೂ ತಾಣ ನಿಮ್ಮ ಆಯ್ಕೆಯನ್ನು ಮರೆಯುವುದೇಕೆ? ಲಾಗಿನ್ ಆಗದವರ ಆಯ್ಕೆ ಕನ್ನಡದ ಸಂಕೇತವಾದ ‘ಕೆ’, ‘ಎನ್’ ಎಂಬ ಎರಡಕ್ಷರವಾಗಿ ಅವರ ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ, ಅಂದರೆ ಅವರ ಸಾಧನದಲ್ಲೇ ಇರುವ ಸಂಗ್ರಹದಲ್ಲಿ, ಕೂರುತ್ತದೆ. ಐಫೋನಿನ ಸಫಾರಿ 2020ರಿಂದ ಇಂಥದ್ದನ್ನು ಉಳಿಸುವುದಿಲ್ಲ: ಸಫಾರಿ ಬಳಸುತ್ತಲೇ 7 ದಿನ ಒಂದು ತಾಣದತ್ತ ಸುಳಿಯದಿದ್ದರೆ ಅದನ್ನು ಅಳಿಸಿಬಿಡುತ್ತದೆ. ತಿಂಗಳಿಗೊಮ್ಮೆ ಕಾರ್ಯಕ್ರಮದ ಪಟ್ಟಿ ನೋಡಲು ಬರುವವರು ತಾಣಕ್ಕೆ ಪ್ರತಿ ಸಲವೂ ಹೊಸಬರೇ! ಇನ್‌ಕಾಗ್ನಿಟೊ (ಗುರುತು ಉಳಿಸದ) ಕಿಟಕಿ ಮುಚ್ಚಿದರೂ, ಹಿಸ್ಟರಿ ಜೊತೆ ಸೈಟ್ ಡೇಟಾ ಅಳಿಸಿದರೂ ಅದೇ ಗತಿ.

ಸದಸ್ಯರು ಲಾಗಿನ್ ಆಗಿ ಪ್ರೊಫೈಲ್‌ನಲ್ಲಿ ಕನ್ನಡ ಆರಿಸಿ. ಅದು ಸರ್ವರ್‌ನಲ್ಲಿರುವ ನಿಮ್ಮ ಖಾತೆಯಲ್ಲೇ ಉಳಿಯುವುದರಿಂದ ಮಗನ ಲ್ಯಾಪ್‌ಟಾಪಿನಲ್ಲೂ ಕನ್ನಡ ಬರುತ್ತದೆ. ಉಳಿದವರು ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳಲ್ಲಿ ಕನ್ನಡವನ್ನು ಮೇಲಕ್ಕೆ ತನ್ನಿ. ಲೊಕೇಶನ್ ಆಫ್ ಮಾಡಿದರೆ ರಿಕ್ಷಾ ಕರೆಸಲು ತೊಂದರೆ, ಅಷ್ಟೇ.