ಬೇವಿನ ಬುಡದ ಮಣ್ಣು

ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ನೆರಳಲ್ಲಿ ಬೆಳೆಯುವ ನನ್ನ ಹೋಸ್ಟಾ ಗಿಡ ತೋರಿಸಿದೆ. ಅಂಗೈ ಅಗಲದ ಎಲೆ, ನಡುವೆ ಕಡು ಹಸಿರು, ಸುತ್ತ ಸುಣ್ಣ ಹಚ್ಚಿದ ಹಾಗೆ ಬಿಳಿ ಅಂಚು. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದಕ್ಕೇನ್ ರೋಗ ಬಂದದೇನಪ್ಪಾ?" ಅಂದಳು. ಹಿಂದಿನಿಂದ ಅಣ್ಣ, "ಹೂವಿಲ್ಲ, ಕಾಯಿಲ್ಲ, ಯಾಕ ಬೇಕು ಅದು?" ಅಂದ. ಜುಲೈನಲ್ಲಿ ತಿಳಿನೇರಳೆ ಹೂ ಬಿಡುತ್ತದೆ, ಆದರೆ ನಾನು ನೆಟ್ಟಿದ್ದು ಎಲೆಗೆ. ಮನಸ್ಸಿಗೆ ಚುಚ್ಚಿತು.

ಮಿಶಿಗನ್‌ನ ನಮ್ಮ ಮನೆ ಹಿಂದೆ ಮೇಪಲ್ ಮರದ ಕೆಳಗೆ ಹುಲ್ಲು ಕೂಡ ಬರುತ್ತಿರಲಿಲ್ಲ. ಪಕ್ಕದ ಮನೆ ಅಜ್ಜಿ ಏಪ್ರಿಲ್‌ನಲ್ಲಿ ತಮ್ಮ ಗಿಡವನ್ನ ಬೇರುಸಮೇತ ಅಗೆದು, ಸಲಿಕೆಯಿಂದ ಎರಡು ಹೋಳು ಮಾಡಿ, ಒಂದು ನನಗೆ ಕೊಟ್ಟರು. ತಳಿಯ ಹೆಸರು ಪೇಟ್ರಿಯಟ್. 1997ರಲ್ಲಿ ಅಮೆರಿಕದ ಹೋಸ್ಟಾ ಬೆಳೆಗಾರರು ವರ್ಷದ ಹೋಸ್ಟಾ ಅಂತ ಆರಿಸಿದ್ದು ಇದನ್ನೇ. ಮಧ್ಯಾಹ್ನದ ಬಿಸಿಲು ಬಿದ್ದರೆ ಬಿಳಿ ಅಂಚೇ ಮೊದಲು ಸುಟ್ಟು ಕಂದಾಗುತ್ತದೆ. ಪೂರ್ತಿ ಹಸಿರು ಕುಡಿ ಎದ್ದರೆ ಬುಡದಿಂದಲೇ ತೆಗೆಯಬೇಕು. ಬಿಟ್ಟರೆ ಅದೇ ಜೋರಾಗಿ ಬೆಳೆದು ಎಲ್ಲವನ್ನೂ ನುಂಗುತ್ತದೆ. ಮಳೆ ಬಿದ್ದ ರಾತ್ರಿ ಚಿಪ್ಪಿಲ್ಲದ ಬಸವನಹುಳುಗಳು ಎಲೆ ತೂತು ಮಾಡುತ್ತವೆ. ಟಾರ್ಚ್ ಹಿಡಿದು ಒಂದೊಂದೇ ಆರಿಸುತ್ತೇನೆ.

ಇಲ್ಲಿನವರು ನೆರಳಿಗೆ ಅಂತಲೇ ಗಿಡ ಹುಡುಕಿ ತರುತ್ತಾರೆ. ನಮ್ಮಲ್ಲಿ? ಹೋದ ಸಲ ಕಲಬುರಗಿಗೆ ಹೋದಾಗ ನಮ್ಮ ಅಂಗಳದ ಬೇವಿನ ಗಿಡ ನೋಡಿದೆ. ಬೊಡ್ಡೆ ಮುಟ್ಟುವ ತನಕ ಸಿಮೆಂಟ್, ಶಹಾಬಾದ್ ಫರಸಿ ಕಲ್ಲು. ಒಂದು ಗೇಣು ಮಣ್ಣೂ ಬಿಟ್ಟಿಲ್ಲ. ಮಳೆನೀರು ಬೇರಿಗೆ ಇಳಿಯೋದು ಹೇಗೆ? "ಕಸ ಹೊಡೀಲಿಕ್ಕ ಆರಾಮ" ಅಂದ ಅಣ್ಣ. ಓಣಿ ತುಂಬಾ ಇದೇ ಕಥೆ. ಆ ಮಣ್ಣಿನಲ್ಲೇ ಗುಳಿ ತೋಡಿ ನಾವಿಬ್ಬರೂ ಗೋಲಿ ಆಡಿದ್ದೆವು ಅಲ್ವಾ?

ಹೋಸ್ಟಾ ಕಲಬುರಗಿಗೆ ಒಗ್ಗೋದಿಲ್ಲ, ಅದು ನಿಜ. ಅದಕ್ಕೆ ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿ ಏಳಬೇಕು. ಆದರೆ ಗಡ್ಡೆಯಿಂದ ಬೆಳೆಯುವ ಬಣ್ಣದೆಲೆಯ ಗಿಡ ಕ್ಯಾಲಾಡಿಯಂಗೆ ಸೆಕೆ ಅಂದರೆ ಇಷ್ಟ. ನೆರಳಲ್ಲೂ ಬಿಳಿ, ಕೆಂಪು ಎಲೆ ಬಿಡುತ್ತದೆ.

ಇನ್ನೊಂದು ಮಾತೂ ಒಪ್ಪಲೇಬೇಕು. ಮೇ ತಿಂಗಳ 43 ಡಿಗ್ರಿಯಲ್ಲಿ ಆ ನೆರಳು ಮೊದಲು ಮನುಷ್ಯರಿಗೆ ಬೇಕು. ಫರಸಿಗೆ ನೀರು ಚಿಮುಕಿಸಿ, ಹೊರಸು ಹಾಕಿ, ಅವ್ವ ಮಧ್ಯಾಹ್ನ ಕಳೆಯೋದು ಅಲ್ಲೇ. ಮಿಶಿಗನ್‌ನಲ್ಲಿ ನಾನು ಯಾವತ್ತೂ ನೆರಳು ಹುಡುಕಿಕೊಂಡು ಓಡಿಲ್ಲ.

ಅಣ್ಣನಿಗೆ ಹೇಳಿದ್ದೇನೆ. ಬುಡದ ಸುತ್ತ ನಾಲ್ಕು ಫರಸಿ ಎಬ್ಬಿಸಿಡು. ಮುಂದಿನ ತಿಂಗಳು ಬರ್ತೀನಿ, ಕ್ಯಾಲಾಡಿಯಂ ಗಡ್ಡೆ ನಾನೇ ಹಾಕ್ತೀನಿ. ಅವ್ವನ ಹೊರಸಿನ ಜಾಗ ಮುಟ್ಟೋದಿಲ್ಲ.