ಹುಳ ಕೂತಿದೆ, ಊದು

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆಗೆ ಕರೆಂಟ್ ಹೋದರೆ ನಮ್ಮ ಬಳಗಕ್ಕೆಲ್ಲ ಒಟ್ಟಿಗೆ ಬಿಡುವು. ಓಹಾಯೋದಲ್ಲಿರುವ ಅಕ್ಕನ ಮಗಳು ಸರಿಯಾಗಿ ಅದೇ ಹೊತ್ತಿಗೆ ಫ್ಯಾಮಿಲಿ ಗ್ರೂಪಿಗೆ ಒಂದು ಹೂವಿನ ಫೋಟೋ ಹಾಕಿದಳು. "ಇಲ್ಲಿ ರಸ್ತೆ ಬದಿಯಲ್ಲೆಲ್ಲ ಇದೇ. ಏನು ಗಿಡ, ಯಾರಿಗಾದರೂ ಗೊತ್ತಾ?"

ಗೊತ್ತಿಲ್ಲ ಅನ್ನುವ ಅಭ್ಯಾಸ ನಮ್ಮ ಕಡೆಯವರಿಗೆ ಇಲ್ಲ. "ಕೊತ್ತಂಬರಿ, ಬಲಿತು ಹೂ ಬಿಟ್ಟಿದೆ" ಅಂದರು ಚಿಕ್ಕಮ್ಮ. ಅವಳಪ್ಪ, ಅಂದರೆ ನಮ್ಮ ಭಾವನಿಗೆ ಕಾಫಿ, ಮೆಣಸು ಬಿಟ್ಟರೆ ಹಸಿರಾಗಿರುವುದೆಲ್ಲ ಕಳೆಯೇ. "ಕಾಂಗ್ರೆಸ್ ಗಿಡ. ಮುಟ್ಬೇಡ, ಮೈ ತುರಿಸುತ್ತೆ" ಅಂತ ಬರೆದರು. ಪಾಪ, ಎಲೆ ನೋಡಿದರೆ ಹಾಗೇ ಅನ್ನಿಸುತ್ತೆ.

ಹುಡುಗಿ ಹತ್ತಿರದಿಂದ ಇನ್ನೊಂದು ಫೋಟೋ ಕಳಿಸಿದಳು. ಅಂಗೈಯಗಲದ ಬಿಳಿ ಗೊಂಚಲು, ತುಂಬಾ ಪುಟ್ಟ ಪುಟ್ಟ ಹೂ, ನಟ್ಟನಡುವೆ ಒಂದೇ ಒಂದು ಕಡುಗೆಂಪು ಚುಕ್ಕಿ. ನಾಪೋಕ್ಲಿನ ದೊಡ್ಡಪ್ಪ, "ಹುಳ ಕೂತಿದೆ, ಊದು" ಅಂದರು. ಊದಿದಳಂತೆ, ಹೋಗಲಿಲ್ಲ. ದೊಡ್ಡಪ್ಪನಿಗೆ ಸಿಗ್ನಲ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ. ಅವರು ಕೊಡೆ ಹಿಡಿದು ಹೋಗಿ "ಜೋರಾಗಿ ಊದು" ಅಂತ ಕಳಿಸುವಷ್ಟರಲ್ಲಿ ಅವಳು ಬೇರು ಕಿತ್ತು, ಗೀರಿ, ಮೂಸಿ ಆಗಿತ್ತು. ಥೇಟ್ ಕ್ಯಾರೆಟ್ ವಾಸನೆ!

ಕಾಡು ಕ್ಯಾರೆಟ್ ಅದು. ಅಲ್ಲಿಯವರು ಕ್ವೀನ್ ಆನ್ಸ್ ಲೇಸ್ ಅಂತಾರೆ. ಆ ಚುಕ್ಕಿಯೂ ಒಂದು ಹೂವೇ. ಯುರೋಪಿನಿಂದ ಅಮೆರಿಕಕ್ಕೆ ಬಂದ ಗಿಡ, ಈಗ ರಸ್ತೆ ಅಂಚು, ಅಗೆದು ಬಿಟ್ಟ ಜಾಗ ಎಲ್ಲ ಅದರದ್ದೇ. ಮೊದಲ ವರ್ಷ ಬರೀ ಎಲೆ. ಎರಡನೇ ವರ್ಷ ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ನಾವು ತಿನ್ನುವ ಕ್ಯಾರೆಟ್ಟೂ ಇದೇ ಜಾತಿ. ಹೂ ಬಿಡುವ ಮೊದಲೇ ಕಿತ್ತು ಸಾಂಬಾರಿಗೆ ಹಾಕುತ್ತೇವೆ, ಮತ್ತೆ ಹೂ ಕಾಣುವುದು ಹೇಗೆ?

ಅಷ್ಟರಲ್ಲಿ ಚಿಕ್ಕಮ್ಮ ಪಲ್ಯದ ರೆಸಿಪಿ ಕಳಿಸಿಬಿಟ್ಟಿದ್ದರು. ನನ್ನ ಎದೆ ಧಸಕ್ಕೆಂದಿತು. ಇದನ್ನೇ ಹೋಲುವ ಹೆಮ್ಲಾಕ್ ಕಡುವಿಷ. ಅದರ ಕಾಂಡ ನುಣುಪು, ಮೇಲೆ ನೇರಳೆ ಮಚ್ಚೆ. ಕಾಡು ಕ್ಯಾರೆಟ್ಟಿನ ಕಾಂಡದಲ್ಲಿ ರೋಮ ಇರುತ್ತದೆ. "ರೋಮ ಇದೆ. ಆದರೂ ಪಲ್ಯ ಮಾಡಲ್ಲ" ಅಂದಳು. ಜಾಣೆ.

ಅಮ್ಮನಿಗೆ ಮಾತ್ರ ಕ್ಯಾರೆಟ್ ಹೂ ನೋಡಲೇಬೇಕು ಅನ್ನಿಸಿತು. ಕ್ಯಾರೆಟ್ಟಿನ ತಲೆ ಕತ್ತರಿಸಿ ಕುಂಡದಲ್ಲಿ ಊರಿದರು. ಚಿಗುರಿತು ಕೂಡ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಅದನ್ನೇ ನೋಡುವುದು. ಒಂದು ಭಾನುವಾರ ಭಾವ ಬಂದರು. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಬುಡಸಮೇತ ಕಿತ್ತು, ಬೇಲಿಯಾಚೆ ಎಸೆದು, ಸೋಪು ಹಚ್ಚಿ ಕೈ ತೊಳೆದರು. "ಅತ್ತೆ, ಕುಂಡಕ್ಕೂ ಬಂದಿತ್ತು ನೋಡಿ ದರಿದ್ರದ್ದು. ತೆಗೆದಾಯ್ತು. ಒಂದು ಕಾಫಿ ಕೊಡಿ."