ನಲ್ಲಿಯ ತುದಿಗೆ ಬಂದಾಗ ಕುಡಿಯುವ ನೀರು ಹೇಗಿರುತ್ತದೆ?

ಹೋದ ತಿಂಗಳು ವಾಟರ್ ಫಿಲ್ಟರ್ ಮಾರುವ ಹುಡುಗನೊಬ್ಬ ಮನೆಗೆ ಬಂದಿದ್ದ. ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿ ನೀರು ಹಿಡಿದ, ಇನ್ನೊಂದಕ್ಕೆ ತನ್ನ ಬಾಟಲಿಯಲ್ಲಿದ್ದ ಫಿಲ್ಟರ್ ನೀರು ಸುರಿದ. ಎರಡರೊಳಗೂ ಕಂಬಿಗಳಿರುವ ಒಂದು ಸಾಧನ ಇಳಿಸಿ ಸ್ವಿಚ್ ಹಾಕಿದ. ನೋಡ್ತಾ ನೋಡ್ತಾ ನಲ್ಲಿ ನೀರು ಕೆಸರಿನ ಬಣ್ಣಕ್ಕೆ ತಿರುಗಿತು. ಮೇಲೆ ಕಪ್ಪು ಹಸಿರು ಗಸಿ ತೇಲತೊಡಗಿತು. ಅವನ ನೀರು ಮಾತ್ರ ತಿಳಿಯಾಗಿಯೇ ಇತ್ತು. "ಇಷ್ಟು ದಿನ ಇದನ್ನೇ ಕುಡೀತಾ ಇದ್ರಿ ಮೇಡಂ" ಅಂದ. ಅಮ್ಮನ ಮುಖ ಬಿಳಚಿಕೊಂಡಿತು.

ನಾನು ಒಳಗಿಂದ ಒಂದು ಚಿಟಿಕೆ ಉಪ್ಪು ತಂದು ಅವನ ಲೋಟಕ್ಕೆ ಹಾಕಿ ಕಲಕಿದೆ. "ಇನ್ನೊಂದ್ಸಲ ಸ್ವಿಚ್ ಹಾಕಪ್ಪ" ಅಂದೆ. ಫಿಲ್ಟರ್ ನೀರೂ ಅದೇ ಬಣ್ಣಕ್ಕೆ ತಿರುಗಿತು, ನಲ್ಲಿ ನೀರಿಗಿಂತ ಜೋರಾಗಿ. ಗುಟ್ಟು ಇಷ್ಟೇ. ಆ ಕಂಬಿಗಳಲ್ಲಿ ಕಬ್ಬಿಣ ಇರುತ್ತದೆ. ಕರಗಿದ ಲವಣ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಹರಿದಾಗ ಕಂಬಿಯ ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟ್ ಹರಿಯುವುದೇ ಬಹಳ ಕಡಿಮೆ. ನಾವು ನೋಡಿದ್ದು ಕಂಬಿಯಿಂದ ಬಂದ ಗಲೀಜು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟಿದ್ದನ್ನು ಅವನು ಮಾಡಿದ, ಅವನೂ ನಿಜ ಅಂತಲೇ ನಂಬಿದ್ದ.

ಅವನು ಹೋದ ಮೇಲೆ ಅಮ್ಮ ಕೇಳಿದರು, "ಹಾಗಾದ್ರೆ ನಮ್ಮ ನೀರು ಚೆನ್ನಾಗಿದೆಯೇನೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ತೋರಿಸಿದ್ದು ಸುಳ್ಳು ಅಂತ ಗೊತ್ತಾಗಿತ್ತು, ಅಷ್ಟೇ. ನೀರು ಒಳ್ಳೆಯದು ಅಂತ ಅದರಿಂದ ಗೊತ್ತಾಗುವುದಿಲ್ಲ, ಅಲ್ವಾ? ಆವತ್ತಿನಿಂದ ನನಗೆ ಇದೇ ಯೋಚನೆ. ಓದಿದ್ದು, ಕೇಳಿ ತಿಳಿದುಕೊಂಡಿದ್ದು, ಮಾಡಿದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಮೊದಲು ಟಿಡಿಎಸ್ ಮೀಟರ್ ವಿಷಯ. ಪೆನ್ನಿನಂಥ ಆ ಮೀಟರನ್ನು ನೀರಲ್ಲಿ ಅದ್ದಿ, ಅಂಕಿ ನೋಡಿ ನೀರಿಗೆ ಪಾಸು ಫೇಲು ಕೊಡುವವರು ತುಂಬ ಜನ ಇದ್ದಾರೆ. ಅದು ಒಟ್ಟು ಎಷ್ಟು ಲವಣ ಕರಗಿದೆ ಅಂತ ಅಂದಾಜು ಹೇಳುತ್ತದೆ. ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಕುಡಿಯುವ ನೀರಲ್ಲಿ ಸೀಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಅಂಕಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಒಂದು ಮಿಲಿಗ್ರಾಮಿನ ನೂರನೇ ಒಂದು ಪಾಲು. ಆರ್ಸೆನಿಕ್‌ಗೂ ಅಷ್ಟೇ. 150 ಅಂತ ತೋರಿಸುವ ಮೀಟರ್‌ಗೆ ಈ ನೂರನೇ ಪಾಲು ಎಲ್ಲಿ ಕಾಣಬೇಕು? ಬ್ಯಾಕ್ಟೀರಿಯಾ ಅಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ಚರಂಡಿ ನೀರು ಒಂಚೂರು ಬೆರೆತರೂ ಮೀಟರಿನ ಅಂಕಿ ಹಾಗೇ ಇರಬಹುದು. ಹಾಗೇ, ಅಂಕಿ 400 ಬಂದ ನೀರು ಕುಡಿಯಲು ಏನೂ ತೊಂದರೆ ಇಲ್ಲದೆಯೂ ಇರಬಹುದು.

ಶುದ್ಧೀಕರಣ ಘಟಕದಲ್ಲಿ ನಡೆಯುವ ಕೆಲಸದ ಬಗ್ಗೆ ನನಗೆ ನಿಜವಾಗಿ ಗೌರವ ಇದೆ. ಆಲಂ ಹಾಕಿ ಕೆಸರನ್ನು ಗಟ್ಟಿ ಮಾಡಿ ಕೆಳಗಿಳಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಹಾಕುತ್ತಾರೆ. ಕಾಲರಾ, ಟೈಫಾಯ್ಡ್ ಊರೂರನ್ನೇ ಖಾಲಿ ಮಾಡುತ್ತಿದ್ದ ಕಾಲ ಹೋಗಿದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು. ಆದರೆ ಅಲ್ಲೂ ಎಡವಟ್ಟು ಆಗುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಜೀವಿ ಸೋಸುವಿಕೆ ದಾಟಿ ಬಂತು. ಅದು ಕ್ಲೋರಿನ್‌ಗೆ ಬಗ್ಗುವುದಿಲ್ಲ. ಸುಮಾರು 4 ಲಕ್ಷ ಜನ ಹಾಸಿಗೆ ಹಿಡಿದರು ಅಂತ ಅಂದಾಜು. ಆಗ ಘಟಕದಿಂದ ಹೊರಟ ನೀರು ಆ ಕಾಲದ ನಿಯಮದ ಮಿತಿಯೊಳಗೇ ಇತ್ತು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಘಟಕದಿಂದ ನಲ್ಲಿಯವರೆಗಿನ ದಾರಿಯದ್ದು. ಅಷ್ಟು ದೂರದ ಪೈಪು ನೆಲದಡಿ ಇದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ಒತ್ತಡದಲ್ಲಿ ಹರಿಯುವಾಗ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ನಷ್ಟ, ಆದರೆ ಗಲೀಜು ಒಳಗೆ ಬರುವುದಿಲ್ಲ. ಸರದಿ ಪ್ರಕಾರ ನೀರು ಬಿಡುವ ಕಡೆ ಕತೆ ಬೇರೆ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತದೆ, ಒತ್ತಡ ಬಿದ್ದುಹೋಗುತ್ತದೆ. ಆಗ ಅದೇ ಬಿರುಕು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲೇ ಒಡೆದ ಚರಂಡಿ ಪೈಪು ಇದ್ದರೆ ಮುಗಿದೇ ಹೋಯಿತು. ಲೈನಿಗೇ ನೇರವಾಗಿ ಮೋಟರ್ ಹಚ್ಚಿ ನೀರು ಎಳೆಯುವ ಮನೆಗಳಿದ್ದರೆ ಇದು ಇನ್ನೂ ಜಾಸ್ತಿಯಾಗುತ್ತದೆ. ನೀರು ಬಿಟ್ಟ ಮೊದಲ ಕೆಲವು ನಿಮಿಷ ಬಣ್ಣ, ವಾಸನೆ ಬೇರೆ ಇರುತ್ತದಲ್ಲ, ಅದನ್ನು ಕುಡಿಯುವುದಕ್ಕೆ ಹಿಡಿಯಬೇಡಿ.

ಪೈಪೇ ವಿಷ ಬಿಡುವುದೂ ಉಂಟು. 2014ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಿಂಟ್ ನಗರ ಖರ್ಚು ಉಳಿಸಲು ನೀರಿನ ಮೂಲ ಬದಲಿಸಿ ಫ್ಲಿಂಟ್ ನದಿಯ ನೀರು ಬಿಟ್ಟಿತು. ಆ ನೀರಿಗೆ ಪೈಪು ತಿನ್ನುವ ಗುಣ. ಅದನ್ನು ತಡೆಯುವ ರಾಸಾಯನಿಕ ಹಾಕಲಿಲ್ಲ. ಹಳೆಯ ಸೀಸದ ಪೈಪುಗಳಿಂದ ಸೀಸ ಬಿಡತೊಡಗಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ಈ ನೀರಿನಿಂದ ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಯುತ್ತದೆ ಅಂತ ಬೇರೆ ನೀರು ಪಡೆಯಿತು. ಊರಿನ ಮಕ್ಕಳು ಇನ್ನೂ ಒಂದು ವರ್ಷ ಅದನ್ನೇ ಕುಡಿದರು. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲೀಆನ್ ವಾಲ್ಟರ್ಸ್ ಅನ್ನುವ ತಾಯಿ ಬಿಡದೆ ಗಂಟುಬಿದ್ದು ತನ್ನ ಮನೆಯ ನಲ್ಲಿ ನೀರು ಪರೀಕ್ಷೆ ಮಾಡಿಸಿದಾಗ ಸೀಸ ಮೊದಲು ಲೀಟರಿಗೆ 104 ಮೈಕ್ರೋಗ್ರಾಂ ಬಂತು, ಆಮೇಲೆ 397. ಅಲ್ಲಿ ಆಗ ಕ್ರಮ ತೆಗೆದುಕೊಳ್ಳಲೇಬೇಕಾದ ಮಟ್ಟ 15 ಇತ್ತು. ಮೋನಾ ಹನ್ನಾ ಅಟೀಶಾ ಅನ್ನುವ ಮಕ್ಕಳ ವೈದ್ಯೆ ಮಕ್ಕಳ ರಕ್ತದಲ್ಲೇ ಸೀಸ ಏರಿದ್ದನ್ನು ಲೆಕ್ಕ ಸಮೇತ ತೋರಿಸಿದರು. ಮಕ್ಕಳ ಮಟ್ಟಿಗೆ ಸೀಸಕ್ಕೆ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಿತಿ ಇಲ್ಲ. ಅದು ಹೋಗಿ ಸೇರುವುದು ಬೆಳೆಯುತ್ತಿರುವ ಮೆದುಳಿಗೆ.

ಫ್ಲಿಂಟ್‌ನಲ್ಲಿ ಸ್ಯಾಂಪಲ್ ತೆಗೆಯಲು ಜನರಿಗೆ ಏನು ಹೇಳಿದ್ದರು ಗೊತ್ತಾ? ಹಿಂದಿನ ರಾತ್ರಿ ನಲ್ಲಿ ತಿರುಗಿಸಿ ಕೆಲವು ನಿಮಿಷ ನೀರು ಹರಿಯಬಿಡಿ ಅಂತ. ಹಾಗೆ ಮಾಡಿದರೆ ಪೈಪಿನಲ್ಲಿ ನಿಂತ ಸೀಸ ಎಷ್ಟೋ ಕೊಚ್ಚಿಹೋಗಿ ರಿಪೋರ್ಟ್ ಚೆನ್ನಾಗಿ ಬರುತ್ತದೆ. ಸೀಸ ಹುಡುಕಬೇಕಾದರೆ ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ಮೊದಲ ಲೀಟರನ್ನೇ ಹಿಡಿಯಬೇಕು. ನಲ್ಲಿಯ ತುದಿಯ ಜಾಲರಿಯನ್ನೂ ಬಿಚ್ಚಬಾರದು. ನಮ್ಮ ಮನೆಯದನ್ನು ಬೇರೊಂದು ದಿನ ಬಿಚ್ಚಿ ಬಿಳಿ ತಟ್ಟೆಯ ಮೇಲೆ ತಟ್ಟಿದೆ. ಸಾಸಿವೆಗಿಂತ ಸಣ್ಣ ತುಕ್ಕಿನ ಚೂರು, ಬಿಳಿ ಸುಣ್ಣದ ಪುಡಿ, ಎರಡು ಹೊಳೆಯುವ ಲೋಹದ ತುಣುಕು. ಬರುವ ನೀರೆಲ್ಲ ಅದರ ಮೇಲೇ ಹಾದು ಲೋಟಕ್ಕೆ ಬೀಳುತ್ತಿತ್ತು.

ಕ್ಲೋರಿನ್ ವಾಸನೆ ಬಂದರೆ ಮೊದಲು ನಾನೂ ಮುಖ ಸಿಂಡರಿಸುತ್ತಿದ್ದೆ. ಈಗ ಸಮಾಧಾನ ಆಗುತ್ತದೆ. ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪೂರ್ತಿ ಸೊನ್ನೆಯಾಗಿದ್ದರೆ ದಾರಿಯಲ್ಲಿ ಏನೋ ಅದನ್ನು ತಿಂದುಹಾಕಿದೆ. ಕ್ಲೋರಿನ್ ನೀರಿನಲ್ಲಿರುವ ಸಾವಯವ ಕಸದ ಜೊತೆ ಸೇರಿ ಕ್ಲೋರೋಫಾರ್ಮ್‌ನಂಥ ವಸ್ತು ಆಗುತ್ತದೆ ಅನ್ನುವುದು ನಿಜ. 1974ರಲ್ಲಿ ನೆದರ್‌ಲ್ಯಾಂಡ್ಸ್‌ನ ಯೋಹಾನೆಸ್ ರೂಕ್ ಇದನ್ನು ತೋರಿಸಿದರು. ಅದಕ್ಕೆ ದಾರಿ, ಕ್ಲೋರಿನ್ ಹಾಕುವ ಮೊದಲೇ ಕಸ ಚೆನ್ನಾಗಿ ತೆಗೆಯುವುದು. ಕ್ಲೋರಿನ್ ಬಿಟ್ಟುಬಿಡುವುದು ತಪ್ಪು.

ಕುದಿಸಿದರೆ ಸಾಕಲ್ವಾ ಅಂತ ಕೇಳುತ್ತಾರೆ. ರೋಗಾಣುಗಳಿಗೆ ಸಾಕು, ಒಂದು ನಿಮಿಷ ಕೊತಕೊತ ಕುದ್ದರೆ ಸಾಯುತ್ತವೆ. ಸೀಸ, ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವುಗಳ ಪ್ರಮಾಣ ಏರುತ್ತದೆ. ಆರ್‌ಒ ಫಿಲ್ಟರ್ ಇವನ್ನು ಬಹಳಷ್ಟು ತೆಗೆಯುತ್ತದೆ, ಒಪ್ಪುತ್ತೇನೆ. ಆದರೆ ನೀರಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಯಂತ್ರ ಕೊಳ್ಳುವುದು ಜ್ವರ ಯಾವುದು ಅಂತ ನೋಡದೆ ಮಾತ್ರೆ ನುಂಗಿದ ಹಾಗೆ. ಮತ್ತೆ ಯಂತ್ರ ಕೊಳ್ಳಲು ಆಗದವರ ಮನೆಗೂ ಅದೇ ಪೈಪು ಹೋಗುತ್ತದೆ. ಕೊಂಡವರು ಸುಮ್ಮನಾದರೆ ಅವರ ಪರವಾಗಿ ಕೇಳುವವರು ಯಾರು?

ನಾನು ಕೇಳುವುದು ಒಂದೇ. ಘಟಕದ ರಿಪೋರ್ಟ್ ಸಾಲದು. ಬೀದಿ ಬೀದಿಯ ನಲ್ಲಿಯಲ್ಲಿ, ಅದರಲ್ಲೂ ಲೈನಿನ ಕಟ್ಟಕಡೆಯ ಮನೆಗಳಲ್ಲಿ ನೀರು ಹಿಡಿದು ಪರೀಕ್ಷೆ ಮಾಡಿ, ಬಂದ ಅಂಕಿಯನ್ನು ಆ ಬೀದಿಯವರಿಗೆ ತಿಳಿಸಬೇಕು.

ನಾವು ಮೂರು ಮನೆಯವರು ಸೇರಿ ಶುರು ಮಾಡಿದೆವು. ಕ್ಲೋರಿನ್ ನೋಡುವ ಸಣ್ಣ ಕಿಟ್ ತಂದೆವು. ಮಾತ್ರೆ ಹಾಕಿದರೆ ಕ್ಲೋರಿನ್ ಇರುವ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೀದಿಯ ಮೊದಲ ಮನೆಯಲ್ಲಿ ಒಳ್ಳೆ ಗುಲಾಬಿ. ನಮ್ಮಲ್ಲಿ ತೆಳು. ಕೊನೆಯ ಮನೆಯಲ್ಲಿ ಏನೂ ಇಲ್ಲ, ನೀರಿನ ಬಣ್ಣವೇ. ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಬಾಟಲಿಗೂ ಅಲ್ಲಿಯ ನೀರು ತುಂಬಿಟ್ಟೆವು. ಮಾರನೆಯ ಸಂಜೆಗೆ ಶಾಯಿಯ ಹಾಗೆ ಕಪ್ಪು. ಆ ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ಅವತ್ತೇ ಅವರಿಗೆ ನೀರು ಕುದಿಸಿ ಕುಡಿಯಲು ಹೇಳಿ, ಬಾಟಲಿ ಹಿಡಿದುಕೊಂಡೇ ನೀರಿನ ಕಚೇರಿಗೆ ಹೋದೆವು. "ನಮ್ಮ ರಿಪೋರ್ಟ್ ಸರಿಯಾಗೇ ಇದೆಯಲ್ಲ" ಅಂದರು. ಬಾಟಲಿಯನ್ನು ಅವರ ಮೇಜಿನ ಮೇಲೆ ಇಟ್ಟೆವು. ನಾಲ್ಕು ದಿನದ ಮೇಲೆ ಬಂದು ಅಗೆದರು. ಚರಂಡಿಗೆ ಒಂದು ಗೇಣು ದೂರದಲ್ಲಿ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತ್ತು.

ಹೊಸ ಜಾಯಿಂಟ್ ಹಾಕಿ ಲೈನ್ ತೊಳೆದಿದ್ದಾರೆ. ನಿನ್ನೆ ಮತ್ತೆ ಮಾತ್ರೆ ಹಾಕಿ ನೋಡಿದೆವು. ಮಗುವಿನ ಅಜ್ಜಿ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು "ಬಣ್ಣ ಬಂತೇನಮ್ಮ?" ಅಂತ ಕೇಳಿದರು. ತೆಳ್ಳಗೆ ಗುಲಾಬಿ ಬಂದಿತ್ತು. ಕಪ್ಪಾಗುವ ಬಾಟಲಿಯನ್ನೂ ಮತ್ತೆ ತುಂಬಿಟ್ಟಿದ್ದೇವೆ, ಅದು ಹೇಗೆ ಬರುತ್ತದೋ ನೋಡುವ ತನಕ ಅವರ ಮನೆಯಲ್ಲಿ ಕುದಿಸಿದ ನೀರೇ. ಬೆಳಗಿನ ಮೊದಲ ಲೀಟರ್ ಸೀಸದ ಪರೀಕ್ಷೆಗೆ ಲ್ಯಾಬ್‌ಗೆ ಹೋಗಿದೆ. ರಿಪೋರ್ಟ್ ಬಂದ ದಿನ ಇಲ್ಲೇ ಹಾಕುತ್ತೇನೆ.